ಹೆಸರಿನ ಜಾಗದಲ್ಲಿ ಮೂರು ಡಬ್ಬಿ

ನಮ್ಮ ಲ್ಯಾಬಿನಲ್ಲಿ ನನ್ನನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಾರೆ. ರಕ್ತ ತೆಗೆಯುವವಳು ಎಂಬುದು ಅದಕ್ಕೆ ಅರ್ಧ ಕಾರಣ, ಉಳಿದರ್ಧ ನನ್ನ ನಾಲಿಗೆ. ಹೆಸರಿಟ್ಟವರು ರಿಪೋರ್ಟ್ ಅಕ್ಕ. ನಾನೀಗ ಹೇಳಹೊರಟಿರುವುದು ಅವರ ಕಥೆಯನ್ನೇ. ಹೇಳುವಾಗ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಳ್ಳುವ ಆಸೆ ಬರುತ್ತದೆ. ಆದಷ್ಟು ತಡೆದುಕೊಳ್ಳುತ್ತೇನೆ.

ಅಕ್ಕನಿಗೆ ಐವತ್ತನಾಲ್ಕು. ಮದುವೆಯಾಗಿರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತಮ್ಮ ಒಡಹುಟ್ಟಿದ ಅಕ್ಕನ ಜೊತೆ ಇದ್ದರು. ಆ ಹಿರಿಯಾಕೆ ಬಟ್ಟೆ ಹೊಲಿಯುವವರು. ಇಬ್ಬರಿಗೂ ಒಂದು ದಿನ ಮಾತಿದ್ದರೆ ಎರಡು ದಿನ ಮಾತಿಲ್ಲ, ಆದರೂ ಒಬ್ಬರು ಉಣ್ಣದೆ ಇನ್ನೊಬ್ಬರು ತಟ್ಟೆ ಮುಟ್ಟಿದವರಲ್ಲ. ಅವರ ತಂದೆ ಹಳೆಯ ಕಾಲದ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಒಂದೊಂದೇ ಅಕ್ಷರದ ಸೀಸದ ಮೊಳೆಯನ್ನು ಬೆರಳಲ್ಲಿ ಆರಿಸಿ ಸಾಲು ಕಟ್ಟುವ ಕೆಲಸ. ಬೇಕಾದ ಅಕ್ಷರ ಮುಗಿದುಹೋದರೆ ಆ ಜಾಗದಲ್ಲಿ ಯಾವುದೋ ಮೊಳೆಯನ್ನು ತಲೆಕೆಳಗಾಗಿ ನಿಲ್ಲಿಸಿ ಮುಂದೆ ಹೋಗುತ್ತಿದ್ದರಂತೆ. ಕರಡು ಪ್ರತಿಯಲ್ಲಿ ಅಲ್ಲೊಂದು ಕಪ್ಪು ಚೌಕ ಬೀಳುತ್ತಿತ್ತು. ಬೇರೆ ಮಾತಿನಲ್ಲಿ ಕಪ್ಪು ಬಿದ್ದರೆ ಸಂಜೆಯವರೆಗೆ ಕಾಯಬಹುದು, ಮನುಷ್ಯನ ಹೆಸರಿನಲ್ಲಿ ಬಿದ್ದರೆ ಯಂತ್ರ ನಿಲ್ಲಿಸು ಎನ್ನುವುದು ಅವರ ಶಿಸ್ತು. ಅಕ್ಕ ಬೆಳೆದಿದ್ದು ಆ ಮನೆಯಲ್ಲಿ.

ಲ್ಯಾಬಿನಲ್ಲಿ ಅವರ ಜಾಗ ಮೆಟ್ಟಿಲ ಕೆಳಗಿನ ಕೋಣೆ. ಕಿಟಕಿಯಿಲ್ಲ. ಒಂದು ಟ್ಯೂಬ್‌ಲೈಟು, ಅಕ್ಷರಗಳೆಲ್ಲ ಅಳಿಸಿಹೋದ ಕೀಬೋರ್ಡು, ಕುರ್ಚಿಯ ಮೇಲೆ ಅವರೇ ಹೊಲಿದು ತಂದ ದಿಂಬು. ನಾನು ತೆಗೆದ ರಕ್ತ ಯಂತ್ರಕ್ಕೆ ಹೋಗಿ, ಯಂತ್ರದ ಅಂಕಿಯನ್ನು ಡಾಕ್ಟರು ನೋಡಿ, ಕೊನೆಗೆ ವರದಿಯಾಗಿ ಪಿಡಿಎಫ್ ರೂಪದಲ್ಲಿ ಹೊರಗೆ ಹೋಗುವ ಮುಂಚೆ ಕೊನೆಯ ಕಣ್ಣು ಅಕ್ಕನದು. ಅವರು ವರದಿಯನ್ನು ಸುಮ್ಮನೆ ನೋಡುತ್ತಿರಲಿಲ್ಲ. ಪರದೆಗೆ ಒಂದು ಸ್ಟೀಲ್ ಸ್ಕೇಲು ಒತ್ತಿ ಹಿಡಿದು, ಒಂದೊಂದು ಸಾಲಾಗಿ ಕೆಳಗಿಳಿಸುತ್ತ, ಕೈಯಲ್ಲಿದ್ದ ಹೆಸರು-ಅಂಕಿಯ ಚೀಟಿಯ ಜೊತೆ ತಾಳೆ ನೋಡುತ್ತಿದ್ದರು. ಹೊಸಬರು ನಗುತ್ತಿದ್ದರು. ಪರದೆಯ ಗಾಜಿನ ಮೇಲೆ ಸ್ಕೇಲಿನ ಗೀರು ಬಿದ್ದು ಮಾಲೀಕರ ಕೈಲಿ ಬೈಸಿಕೊಂಡಿದ್ದೂ ಉಂಟು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ವರದಿ ಇನ್ನೊಬ್ಬರಿಗೆ ಹೋಗಿದ್ದು ಒಂದೂ ಇರಲಿಲ್ಲ. ಇದು ಅವರ ಬಾಯಿಂದ ಬಂದ ಮಾತಲ್ಲ, ನಾನು ಕಣ್ಣಾರೆ ಕಂಡದ್ದು.

ಊರಾಚೆಯ ಗುಡ್ಡದಲ್ಲಿ ಸುರಂಗ ಕೊರೆಯಲು ಶುರುಮಾಡಿದಾಗ ಚೀನಾ ದೇಶದಿಂದ ನಲವತ್ತಾರು ಜನ ಕೆಲಸಗಾರರು ಬಂದರು. ವರ್ಷಕ್ಕೊಮ್ಮೆ ಎಲ್ಲರ ರಕ್ತ ಪರೀಕ್ಷೆ ಆಗಬೇಕು ಎಂಬ ನಿಯಮ, ಕೆಲಸ ನಮ್ಮ ಲ್ಯಾಬಿಗೆ ಬಂತು. ಅವರು ಉಳಿದಿದ್ದ ಕ್ಯಾಂಪಿನಿಂದ ಪಟ್ಟಿ ಕಳಿಸಿದರು. ಮಂಚದ ಸಾಲಿನ ಪ್ರಕಾರ ಒಂದರಿಂದ ನಲವತ್ತಾರು, ಹೆಸರುಗಳೆಲ್ಲ ಚೀನೀ ಅಕ್ಷರದಲ್ಲಿ. ಅವರವರ ವರದಿಯಲ್ಲಿ ಅವರವರ ಹೆಸರನ್ನು ಅವರೇ ಓದಿಕೊಳ್ಳುವಂತಿರಲಿ ಎಂಬ ಒಳ್ಳೆಯ ಉದ್ದೇಶ. ವಯಸ್ಸು, ಗುರುತಿನ ಸಂಖ್ಯೆ ಯಾವುದೂ ಇರಲಿಲ್ಲ.

ಅಕ್ಕ ಪಟ್ಟಿ ತೆರೆದು ಮೊದಲ ವರದಿ ಮಾಡಿದರು. ಹೆಸರಿನ ಜಾಗದಲ್ಲಿ ಅಕ್ಷರಕ್ಕೊಂದರಂತೆ ಸಾಲಾಗಿ ಮೂರು ಖಾಲಿ ಡಬ್ಬಿ. ಎರಡನೆಯದಕ್ಕೆ ಎರಡು ಡಬ್ಬಿ. ಮೂರನೆಯದಕ್ಕೆ ಮತ್ತೆ ಮೂರು. ಅಕ್ಕ ಕೆಲಸ ನಿಲ್ಲಿಸಿದರು.

"ಬಿಡಿ ಅಕ್ಕಾ, ನಂಬರ್ ಇದೆಯಲ್ಲ," ಅಂದೆ.

"ನಿನ್ನ ಹೆಸರಿನ ಜಾಗದಲ್ಲಿ ಮೂರು ಡಬ್ಬಿ ಹಾಕಿ ಕೊಟ್ರೆ ತಗೋತೀಯಾ?" ಎಂದು ಕೇಳಿ, ಕಂಪ್ಯೂಟರಿನವನಿಗೆ ಫೋನ್ ಮಾಡಿದರು.

ಆತನಿಗೆ ನಾವು ಇಟ್ಟ ಹೆಸರು ರೀಸ್ಟಾರ್ಟ್. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ ಎನ್ನುವ ಆಸಾಮಿ. ಎರಡು ದಿನ ಅಕ್ಕ ಬೆನ್ನು ಬಿಡದೆ ಕಾಡಿದ ಮೇಲೆ ಬಂದು, ಅವರ ಕಂಪ್ಯೂಟರಿಗೆ ಚೀನೀ ಫಾಂಟ್ ಹಾಕಿಕೊಟ್ಟ. ಡಬ್ಬಿಗಳಿದ್ದ ಕಡೆ ಅಕ್ಷರಗಳು ಎದ್ದು ನಿಂತವು. ಅಕ್ಕನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮುಂಚೆ ನೋಡಿರಲಿಲ್ಲ. ಒಂದಕ್ಷರವೂ ಓದಲು ಬಾರದು, ಆದರೂ ಒಂದೊಂದು ಹೆಸರನ್ನೂ ಪಟ್ಟಿಯ ಪಕ್ಕ ಇಟ್ಟು, ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ ಹೋಲಿಸಿದರು. ನಲವತ್ತಾರಕ್ಕೆ ಒಂದೂವರೆ ದಿನ ಹಿಡಿಯಿತು.

ತಪ್ಪು ಹುಟ್ಟಿದ್ದು ಇಲ್ಲೇ. ಅಕ್ಕ ಅಷ್ಟು ಹಟ ಹಿಡಿಯದೆ ಇದ್ದಿದ್ದರೆ ಡಬ್ಬಿಗಳು ಅವರ ಕಣ್ಣೆದುರಿಗೇ ಉಳಿಯುತ್ತಿದ್ದವು, ಬೇರೆ ಏನಾದರೂ ದಾರಿ ಹುಡುಕುತ್ತಿದ್ದೆವು. ಅವರ ಪರದೆಯ ಮೇಲೆ ಸರಿಯಾಯಿತು. ಎಲ್ಲ ಕಡೆ ಸರಿಯಾಯಿತು ಎಂದುಕೊಂಡೆವು.

ಇನ್ನೊಂದು ಸಣ್ಣ ವಿಷಯವಿದೆ, ಅದು ನನ್ನದು. ಹತ್ತೊಂಬತ್ತನೆಯವನ ರಕ್ತ ತೆಗೆಯುವಾಗ ಅವಸರ ಮಾಡಿದೆ. ಅವಸರದಲ್ಲಿ ಜೋರಾಗಿ ಎಳೆದರೆ ರಕ್ತದ ಕಣ ಒಡೆಯುತ್ತದೆ, ಯಂತ್ರ ಒಪ್ಪುವುದಿಲ್ಲ. ಮರುದಿನ ಹೋಗಿ ಮತ್ತೆ ತೆಗೆದೆ. ಹಾಗಾಗಿ ಅವನ ಲ್ಯಾಬ್ ಸಂಖ್ಯೆ ಎಲ್ಲರಿಗಿಂತ ಕೊನೆಗೆ ಬಿತ್ತು, ವರದಿಯೂ ಕೊನೆಯದಾಗಿ ಹೋಯಿತು. ಇಂಥದ್ದು ವಾರಕ್ಕೆರಡು ಸಲ ಆಗುತ್ತದೆ. ವರದಿಯ ಮೇಲೆ ಹೆಸರಿರುತ್ತದಲ್ಲ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ವರದಿಗಳು ಹೋದ ಮರುದಿನ ಬೆಳಿಗ್ಗೆ ಫೋನ್ ಬಂತು. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಬಾಗಿಲಾಚೆ ನಿಂತಿತ್ತು, ಒಂದು ಮಗು ಕಿರುಚುತ್ತಿತ್ತು. ಚೀಟಿ ಕೇಳಲು ಅಕ್ಕನ ಕೋಣೆಗೆ ಹೋಗಿದ್ದವಳು ನಾನೇ ಫೋನ್ ಎತ್ತಿದೆ. ಕ್ಯಾಂಪಿನ ಆರೋಗ್ಯ ಕೋಣೆ ನೋಡಿಕೊಳ್ಳುವ ಕಾಂಪೌಂಡರು.

"ಮೇಡಂ, ನೀವು ಕಳಿಸಿದ ರಿಪೋರ್ಟಲ್ಲಿ ಹೆಸರೇ ಕಾಣ್ತಿಲ್ಲ. ಬರೀ ಡಬ್ಬಿ ಡಬ್ಬಿ ಬಂದಿದೆ."

ನಾನು ಅಕ್ಕನ ಪರದೆಯತ್ತ ಬಗ್ಗಿ ನೋಡಿದೆ. ಹೆಸರು ಮುತ್ತು ಪೋಣಿಸಿದ ಹಾಗಿತ್ತು.

"ನಮ್ಮಲ್ಲಿ ಸರಿಯಾಗೇ ಇದೆಯಲ್ರೀ. ನಿಮ್ಮ ಕಂಪ್ಯೂಟರ್ ಕೆಟ್ಟಿರಬೇಕು, ಸರಿ ಮಾಡಿಸ್ಕೊಳ್ಳಿ."

"ಅಲ್ಲ ಮೇಡಂ, ನಲವತ್ತಾರು ಜನ ಇದಾರೆ, ನಾನು ಯಾರದು ಅಂತ..."

"ಇಲ್ಲಿ ಅರವತ್ತು ಜನ ಉಪವಾಸ ನಿಂತಿದಾರೆ," ಎಂದು ಇಟ್ಟುಬಿಟ್ಟೆ.

"ಯಾರೇ ಅದು?" ಅಕ್ಕ ಕೇಳಿದರು.

"ಕ್ಯಾಂಪಿನವರು. ಹೆಸರು ಕಾಣಲ್ವಂತೆ."

ಅಕ್ಕ ತಮ್ಮ ಪರದೆಯನ್ನು ಒಮ್ಮೆ ನೋಡಿದರು. "ಇಲ್ಲಿ ಕಾಣ್ತಿದೆಯಲ್ಲ," ಅಂದರು. ಮುಂದಿನ ವರದಿ ತೆರೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಹನ್ನೊಂದು ತಿಂಗಳ ಮೇಲೆ ಒಂದು ಇ-ಮೇಲ್ ಬಂತು. ಸುರಂಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಮಗಳು ಬರೆದಿದ್ದಳು. ಅವಳ ಭಾಷೆಯನ್ನು ಫೋನೇ ನಮ್ಮ ಭಾಷೆಗೆ ತಿರುಗಿಸಿತ್ತು, ಮಾತು ಅಲ್ಲಲ್ಲಿ ಎಡವಿದರೂ ಅರ್ಥ ತಪ್ಪುವಂತಿರಲಿಲ್ಲ.

ಅದರಲ್ಲಿ ಹೀಗಿತ್ತು. ನಿಮ್ಮ ಕಾಗದ ನನ್ನ ಅಪ್ಪನ ಮೂತ್ರಪಿಂಡ ಕೆಟ್ಟಿದೆ ಎಂದು ಹೇಳಿತು. ಕಂಪನಿಯವರು ಈ ಕೆಲಸಕ್ಕೆ ಆಗುವುದಿಲ್ಲ ಎಂದು ಮನೆಗೆ ಕಳಿಸಿದರು. ಅಪ್ಪ ಹೆದರಿ ಹತ್ತು ತಿಂಗಳು ಮನೆಯೊಳಗೇ ಕುಳಿತ. ಈಗ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂರು ಸಲ ಪರೀಕ್ಷೆ ಮಾಡಿದರು. ಅವನಿಗೆ ಏನೂ ಆಗಿಲ್ಲ. ಅಪ್ಪನಿಗೆ ನಿಮ್ಮ ಮೇಲೆ ಕೋಪ ಇಲ್ಲ. ಅವನು ಒಂದೇ ಮಾತು ಕೇಳುತ್ತಾನೆ. ಹಾಗಾದರೆ ಈ ಕಾಗದ ಯಾರದು? ಅವನಿಗೆ ಹೇಳಿದ್ದೀರಾ?

ಜೊತೆಗೆ ಆ ಕಾಗದದ ಫೋಟೋ ಇತ್ತು. ನಮ್ಮದೇ ತಲೆಬರಹ, ನಮ್ಮದೇ ಸಹಿ, ನಮ್ಮದೇ ಅಂಕಿ. ಹೆಸರಿನ ಜಾಗದಲ್ಲಿ ಮೂರು ಖಾಲಿ ಡಬ್ಬಿ.

ಅಕ್ಕ ಫೋಟೋದಲ್ಲಿದ್ದ ಲ್ಯಾಬ್ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹಾಕಿ ಹುಡುಕಿದರು. ಪಟ್ಟಿಯಲ್ಲಿ ಇಪ್ಪತ್ತೆಂಟನೆಯವನು. ಮಗಳು ಬರೆದಿದ್ದ ಅಪ್ಪನ ಹೆಸರನ್ನು ಪಟ್ಟಿಯಲ್ಲಿ ಹುಡುಕಿದರು, ಗೆರೆಗೆ ಗೆರೆ. ಇಪ್ಪತ್ತೇಳನೆಯವನು.

ಅಕ್ಕ ಎದ್ದು ಸ್ವಾಗತದ ಟೇಬಲ್ಲಿಗೆ ಹೋದರು. ಅಲ್ಲಿದ್ದ ಹುಡುಗಿಯನ್ನು ಎಬ್ಬಿಸಿ, ಅವಳ ಕಂಪ್ಯೂಟರಿನಲ್ಲಿ ಅದೇ ವರದಿ ತೆರೆದರು. ಡಬ್ಬಿ. ಮೇಲಿನ ಮಹಡಿಯ ಡಾಕ್ಟರ ಕೋಣೆಯಲ್ಲಿ ತೆರೆದರು. ಡಬ್ಬಿ. ಎಕ್ಸ್‌ರೇಯವರ ಬಳಿ, ಉಗ್ರಾಣದಲ್ಲಿ, ಮಾಲೀಕರ ಮೇಜಿನ ಮೇಲೆ. ಕಟ್ಟಡದಲ್ಲಿದ್ದ ಒಂಬತ್ತು ಕಂಪ್ಯೂಟರುಗಳಲ್ಲಿ ಎಂಟರಲ್ಲಿ ಡಬ್ಬಿ. ಪ್ರತಿ ಕಡೆಯೂ ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನನ್ನ ಕೈ ಆಗಲೇ ಹೆಗಲ ಮೇಲಿತ್ತು.

ರೀಸ್ಟಾರ್ಟ್ ಬಂದ. ಈ ಸಲ ಅವನೂ ರೀಸ್ಟಾರ್ಟ್ ಮಾಡಿ ಎನ್ನುವ ಮಾತು ಎತ್ತಲಿಲ್ಲ.

"ಅಕ್ಷರದ ಆಕಾರ ಫೈಲಿನ ಜೊತೆ ಹೋಗಿಲ್ಲ ಅಕ್ಕಾ," ಎಂದ. "ಇಂಥಾ ಫಾಂಟಲ್ಲಿ ತೋರಿಸು ಅಂತ ಬರೀ ಒಂದು ಸೂಚನೆ ಹೋಗಿದೆ. ಆ ಫಾಂಟ್ ಇರೋ ಕಡೆ ಕಾಣುತ್ತೆ. ಇಲ್ಲದ ಕಡೆ ಡಬ್ಬಿ. ಊಟಕ್ಕೆ ಕರೆದು, ತಟ್ಟೆ ನೀವೇ ತನ್ನಿ ಅಂದ ಹಾಗೆ."

"ನನ್ನದರಲ್ಲಿ ಮಾತ್ರ ಯಾಕೆ ಕಾಣ್ತಿತ್ತು?"

"ನಿಮ್ಮದರಲ್ಲಿ ತಟ್ಟೆ ಇತ್ತಲ್ಲ. ನಾನೇ ಹಾಕಿಕೊಟ್ಟಿದ್ದು." ಅವನ ಮುಖ ಸಪ್ಪಗಾಯಿತು. "ಅವತ್ತೇ ಜೊತೆಗೆ ಸೇರಿಸಿ ಕಳಿಸೋ ಹಾಗೆ ಮಾಡಬೇಕಿತ್ತು. ನೀವು ಕಾಣ್ತಿಲ್ಲ ಅಂದ್ರಿ, ಕಾಣೋ ಹಾಗೆ ಮಾಡ್ದೆ. ಹೊರಗೆ ಹೋಗೋದರ ಬಗ್ಗೆ ಯೋಚನೆ ಮಾಡಲಿಲ್ಲ."

ಸರಿಮಾಡಲು ಅವನಿಗೆ ಹಿಡಿದಿದ್ದು ಹತ್ತು ನಿಮಿಷ. ವರದಿ ಮಾಡುವ ತಂತ್ರಾಂಶದ ಒಳಗೆ ಎಲ್ಲೋ ಮೂರು ಬಾಗಿಲು ದಾಟಿ, ಫಾಂಟನ್ನೂ ಫೈಲಿನೊಳಗೆ ಸೇರಿಸು ಎನ್ನುವ ಕಡೆ ಒಂದು ಟಿಕ್ ಗುರುತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದ ಹಾಗೆ. ಆದರೂ ಅಕ್ಕ ಅವನನ್ನು ಬಿಡಲಿಲ್ಲ. ಎಂಟೂ ಕಂಪ್ಯೂಟರಿನಲ್ಲಿ ನಲವತ್ತಾರೂ ವರದಿ ತೆರೆಸಿದರು. ನಲವತ್ತೈದು ಸರಿಯಾಗಿದ್ದವು. ಒಂದು ಹೆಸರಿನ ನಡುವೆ ಒಂದೇ ಒಂದು ಡಬ್ಬಿ ಉಳಿದಿತ್ತು. ಅಪರೂಪದ ಅಕ್ಷರವಂತೆ, ಆ ಫಾಂಟಿನಲ್ಲೇ ಇಲ್ಲವಂತೆ, ಅಕ್ಕನ ಕಂಪ್ಯೂಟರು ಅದೊಂದನ್ನು ಬೇರೆ ಫಾಂಟಿನಿಂದ ತಂದು ತೋರಿಸುತ್ತಿತ್ತಂತೆ. ಇನ್ನೂ ದೊಡ್ಡ ಫಾಂಟ್ ತಂದು ಹಾಕಿಸಿದರು. ಆಮೇಲೆ ನನ್ನ ಫೋನಿನಲ್ಲಿ, ಕಾವಲುಗಾರನ ಫೋನಿನಲ್ಲಿ, ಎದುರಿನ ಚಹಾದಂಗಡಿಯವನ ಒಡೆದ ಗಾಜಿನ ಫೋನಿನಲ್ಲಿ ತೆರೆಸಿ ನೋಡಿದರು. ಚಹಾದವನು, "ಇದ್ಯಾರದಮ್ಮ ಹೆಸರು?" ಎಂದು ಕೇಳಿದ. ಅಕ್ಕ ಆ ಹೆಸರಿನ ಅಕ್ಷರಗಳನ್ನು ಎಣಿಸಿ ನೋಡಿ ಫೋನ್ ಹಿಂದಿರುಗಿಸಿದರು.

ಕ್ಯಾಂಪಿಗೆ ಫೋನ್ ಮಾಡಿ ಕೇಳಿದಾಗ ಉಳಿದ ಅರ್ಧ ತಿಳಿಯಿತು. ಕಾಂಪೌಂಡರು ಸುಳ್ಳು ಹೇಳುವ ಮನುಷ್ಯನಲ್ಲ. ಹೆಸರು ಕಾಣದೆ, ಲ್ಯಾಬಿನವರು ಬೈದ ಮೇಲೆ, ಅವರು ಪಟ್ಟಿಯ ಕ್ರಮ ಹಿಡಿದಿದ್ದರು. ಒಂದನೆಯ ವರದಿ ಒಂದನೆಯವನಿಗೆ, ಎರಡನೆಯದು ಎರಡನೆಯವನಿಗೆ. ಎಣಿಸಿದ್ದರು ಕೂಡ. ವರದಿ ನಲವತ್ತಾರು, ಜನ ನಲವತ್ತಾರು. ಲೆಕ್ಕ ಕೂಡಿತ್ತು. ನಾನು ಎರಡನೆಯ ಸಲ ರಕ್ತ ತೆಗೆದ ಹತ್ತೊಂಬತ್ತನೆಯವನ ವರದಿ ಕೊನೆಯಲ್ಲಿತ್ತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಮನೆ ಜರುಗಿತ್ತು. ಇಪ್ಪತ್ತೆಂಟು ಜನರ ಕೈಗೆ ಬೇರೆಯವರ ವರದಿ. ಇಪ್ಪತ್ತೇಳು ವರದಿಗಳಲ್ಲಿ ಏನೂ ದೋಷವಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ದೋಷವಿದ್ದ ಒಂದೇ ಒಂದು ವರದಿ ಗಟ್ಟಿಮುಟ್ಟಾಗಿದ್ದವನ ಕೈ ಸೇರಿ ಅವನನ್ನು ಮನೆಗೆ ಕಳಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಗೆ ನಾನು ಎಷ್ಟು ಸಲ ನಕ್ಕಿಲ್ಲ.

"ಇಪ್ಪತ್ತೆಂಟನೆಯವರು ಈಗ ಎಲ್ಲಿದಾರೆ?" ಅಕ್ಕ ಕೇಳಿದರು.

"ಇಲ್ಲೇ ಇದಾರೆ ಮೇಡಂ. ಕೆಲಸದಲ್ಲಿದಾರೆ. ಹೋದವರು ಕೆಳಗಿನ ಮಂಚ, ಇವರು ಮೇಲಿನ ಮಂಚ. ಭಾಳಾ ಜೋಡಿ. ಅವರು ಹೋಗೋವಾಗ ಪೆಟ್ಟಿಗೆ ಹೊತ್ತು ಬಸ್ಸಿಗೆ ಬಿಟ್ಟು ಬಂದಿದ್ದೇ ಇವರು. ಎರಡು ದಿನ ಊಟ ಬಿಟ್ಟಿದ್ರು."

ಅವತ್ತೇ ಹೋಗಿ ಅವನ ರಕ್ತ ತೆಗೆದೆ. ನಲವತ್ತೈದರ ಆಸುಪಾಸಿನ ಮನುಷ್ಯ, ಉಗುರ ಸಂದಿಯಲ್ಲಿ ಗ್ರೀಸು. ಯಾಕೆ ಎಂದು ಗೊತ್ತಿಲ್ಲದೆಯೂ ನಗುತ್ತಲೇ ತೋಳು ಚಾಚಿದ. ನಾನು ಕಾಲು ನೋಡಿದೆ. ಕಾಲುಚೀಲದ ಗಡಿ ಕಣಕಾಲಿನ ಮೇಲೆ ಬೆರಳು ಹೋಗುವಷ್ಟು ಆಳಕ್ಕೆ ಒತ್ತಿತ್ತು. ಬಾವು. ಈ ಸಲ ಅವಸರ ಮಾಡದೆ, ಕಣ ಒಡೆಯದಂತೆ ನಿಧಾನವಾಗಿ ರಕ್ತ ಎಳೆದೆ.

ಮೂತ್ರಪಿಂಡದ ಸ್ಥಿತಿ ತೋರಿಸುವ, ರಕ್ತದಲ್ಲಿ ಒಂದರ ಹತ್ತಿರ ಇರಬೇಕಾದ ಅಂಕಿ ಹೋದ ವರ್ಷ ಮೂರೂವರೆ ಇತ್ತು. ಈಗ ಒಂಬತ್ತು. ಹೋದ ವರ್ಷವೇ ಮಾತ್ರೆ, ಪಥ್ಯ ಶುರುಮಾಡಿದ್ದರೆ ಇನ್ನೂ ಎಷ್ಟೋ ವರ್ಷ ತಳ್ಳಬಹುದಿತ್ತು ಎಂದು ನಮ್ಮ ಡಾಕ್ಟರು ಹೇಳಿದರು. ಈಗ ವಾರಕ್ಕೆ ಮೂರು ಸಲ ಯಂತ್ರದಲ್ಲಿ ರಕ್ತ ತೊಳೆಸಬೇಕು, ಅದೂ ತಡಮಾಡದೆ. ಇಲ್ಲದಿದ್ದರೆ ಉಳಿಯುವುದಿಲ್ಲ. ಅಕ್ಕ ಕೇಳಿದ ಒಂದೊಂದು ಪ್ರಶ್ನೆಗೂ ಅವರು ನೇರವಾಗಿಯೇ ಉತ್ತರ ಕೊಟ್ಟರು.

ಮಾಲೀಕರು ಬಾಗಿಲು ಹಾಕಿಸಿ ನಮ್ಮಿಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ಹೆದರಿದ ಮನುಷ್ಯ.

"ಹೊಸ ರಕ್ತ ತೆಗೆದಿದೀವಿ, ಹೊಸ ರಿಪೋರ್ಟ್ ಕೊಡಿ. ಇವತ್ತಿನ ತಾರೀಕು ಹಾಕಿ. ಅವರು ಚಿಕಿತ್ಸೆಗೆ ಹೋಗ್ತಾರೆ, ಅದೇ ತಾನೆ ಬೇಕಾಗಿರೋದು. ಹಳೇದರ ಸುದ್ದಿ ಎತ್ತಬೇಡಿ. ಎತ್ತಿದ್ರೆ ಅವರ ಅಂಕಿ ಇಳಿಯುತ್ತಾ?"

"ಇಳಿಯಲ್ಲ ಸಾರ್," ಅಕ್ಕ ಅಂದರು. "ಹೊಸದನ್ನ ಕೊಡ್ತೀನಿ. ಹಳೇದೂ ಅವರದೇ, ಅದನ್ನೂ ಕೊಡ್ತೀನಿ."

"ನಿಮಗೆ ಈ ಕೆಲಸ ಬೇಕೋ ಬೇಡವೋ?"

"ಬೇಕು ಸಾರ್," ಎಂದು ಹೇಳಿ ಅಕ್ಕ ಕೆಳಗಿಳಿದು ಹೋದರು. ಮಾಲೀಕರು ನನ್ನನ್ನು ನೋಡಿ, ನೀನಾದರೂ ಬುದ್ಧಿ ಹೇಳು ಎಂದರು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ನಾಲಿಗೆ ಅವತ್ತು ಏಳಲಿಲ್ಲ.

ಸಂಜೆ ಅಕ್ಕನನ್ನು ಮನೆಯವರೆಗೆ ಬಿಟ್ಟುಬರಲು ಹೋದೆ. ಹಿರಿಯಾಕೆ ಹೊಲಿಗೆ ಯಂತ್ರದ ಮುಂದಿದ್ದರು. ಆ ವಾರ ಇಬ್ಬರಿಗೂ ಮಾತಿರಲಿಲ್ಲವಂತೆ. ಅಕ್ಕ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಒಬ್ಬರ ರಿಪೋರ್ಟು ಇನ್ನೊಬ್ಬರಿಗೆ ಹೋಯ್ತು ಕಣೇ," ಅಂದರು. ಅಷ್ಟೇ. ಹಿರಿಯಾಕೆ ಯಂತ್ರ ನಿಲ್ಲಿಸಿ ಎದ್ದು ಬಂದು, ತಂಗಿಯ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಕೂರಿಸಿದರು. ಅಕ್ಕ ಅಳಲಿಲ್ಲ. ಅಂಗೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ನಾನೇ ನೋಡಿದ್ದು, ನಾನೇ ನೋಡಿದ್ದು ಎಂದು ಎರಡು ಸಲ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಕ್ಯಾಂಪಿಗೆ ಹೋದೆವು. ಆರೋಗ್ಯ ಕೋಣೆ ಎಂದರೆ ಕಬ್ಬಿಣದ ಒಂದು ಕಂಟೇನರು. ತೂಕದ ಯಂತ್ರ, ಎರಡು ಕುರ್ಚಿ, ಒಂದು ಬೆಂಚು, ಗೋಡೆಗೆ ಕಣ್ಣು ಪರೀಕ್ಷೆಯ ಹಲಗೆ. ಸುರಂಗದೊಳಗಿನ ಯಂತ್ರದ ಸದ್ದಿಗೆ ನೆಲ ಸಣ್ಣಗೆ ಅದುರುತ್ತಿತ್ತು. ಕಾಂಪೌಂಡರಿದ್ದರು. ಕಂಪನಿಯ ದುಭಾಷಿ ಇದ್ದಳು, ಅವರದೇ ದೇಶದ ಮೂವತ್ತರ ಹೆಂಗಸು, ನಮ್ಮ ಮಾತನ್ನು ನಮಗಿಂತ ಸ್ಪಷ್ಟವಾಗಿ ಆಡುತ್ತಿದ್ದಳು. ಇಪ್ಪತ್ತೆಂಟನೆಯವನು ಕೆಲಸದ ಬಟ್ಟೆಯಲ್ಲೇ ಬಂದು, ಶಿರಸ್ತ್ರಾಣ ತೆಗೆದು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತ. ಅಕ್ಕ ನೆಲದ ಮೇಲಿದ್ದ ಔಷಧದ ಪೆಟ್ಟಿಗೆಯನ್ನೇ ಎಳೆದುಕೊಂಡು ಅವನೆದುರು ಕುಳಿತರು.

"ಮೊದಲು ಹೆಸರು ಓದೋಕೆ ಹೇಳಮ್ಮ," ಎಂದು ಹಳೆಯ ವರದಿ ಕೊಟ್ಟರು.

ಅವನು ಗಟ್ಟಿಯಾಗಿ ಓದಿದ. ಮೂರು ಅಕ್ಷರ, ಮೂರು ಸಣ್ಣ ಸದ್ದು. ಹೋದ ವರ್ಷ ಗೆರೆಗೆ ಗೆರೆ ನೋಡಿದ್ದ ಹೆಸರಿನ ದನಿಯನ್ನು ಅಕ್ಕ ಕೇಳಿದ್ದು ಆಗಲೇ. ಅವನು ನಕ್ಕು ಕಾಂಪೌಂಡರಿಗೆ ಹಾಳೆ ತೋರಿಸಿ ಏನೋ ಹೇಳಿದ.

"'ಕೊನೆಗೂ ಹೆಸರು ಬಂತು ನೋಡಿ' ಅಂತಿದಾರೆ," ಎಂದಳು ದುಭಾಷಿ.

ಅಕ್ಕ ಹೇಳಬೇಕಾದ್ದನ್ನು ಒಂದೊಂದೇ ಮಾತಾಗಿ ಹೇಳಿದರು. ದುಭಾಷಿ ತಿರುಗಿಸುತ್ತ ಹೋದಳು. ಅವನ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಬಾಯಿ ನಗುತ್ತಲೇ ಇತ್ತು, ಕಣ್ಣು ಮಾತ್ರ ಹಾಳೆಯ ಮೇಲೆ ಕೆಳಗಿಳಿಯಿತು. ಒಂದು ಕಡೆ ಬೆರಳಿಟ್ಟ. ಹೋದ ವರ್ಷದ ತಾರೀಕು.

"'ಇದು ಹೋದ ವರ್ಷದ್ದಾ' ಅಂತ ಕೇಳ್ತಿದಾರೆ."

"ಹೌದು," ಅಂದರು ಅಕ್ಕ. "ಹೋದ ವರ್ಷವೇ ನಮ್ಮಲ್ಲಿ ಗೊತ್ತಿತ್ತು. ನಿಮಗೆ ಮುಟ್ಟಲಿಲ್ಲ."

ಯಾಕೆ ಮುಟ್ಟಲಿಲ್ಲ ಎಂಬುದನ್ನೂ ಹೇಳಿದರು. ಡಬ್ಬಿಗಳ ವಿಷಯ, ಪಟ್ಟಿ ಜರುಗಿದ ವಿಷಯ. ಅವನು ತಲೆಬಾಗಿ ಕೇಳಿದ. ಆಮೇಲೆ ದುಭಾಷಿಯ ಕಡೆ ತಿರುಗಿ ಸಣ್ಣದೊಂದು ಪ್ರಶ್ನೆ ಕೇಳಿದ.

"ಹೆಸರು ಕಾಣ್ತಿಲ್ಲ ಅಂತ ಯಾರೂ ನಿಮಗೆ ಹೇಳಲಿಲ್ವಾ ಅಂತ."

ಕಾಂಪೌಂಡರು ಕಣ್ಣು ಪರೀಕ್ಷೆಯ ಹಲಗೆ ನೋಡುತ್ತ ನಿಂತರು. ಅವತ್ತು ಫೋನಿನಲ್ಲಿ ಬೈದ ದನಿ ಯಾರದು ಎಂದು ಆ ಹೊತ್ತಿಗಾಗಲೇ ಅವರಿಗೆ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಆ ಮನುಷ್ಯನ ದೊಡ್ಡತನ ನನ್ನನ್ನು ಸುಟ್ಟುಹಾಕಿತು.

"ಇವರು ಹೇಳಿದ್ರು," ಅಂದೆ. "ಮರುದಿನವೇ ಫೋನ್ ಮಾಡಿದ್ರು. ಎತ್ತಿದ್ದು ನಾನು. ನಮ್ಮಲ್ಲಿ ಸರಿಯಾಗಿದೆ ಅಂತ ಬೈದು ಇಟ್ಟುಬಿಟ್ಟೆ."

"ಪಕ್ಕದಲ್ಲೇ ಕೂತಿದ್ದೆ ನಾನು," ಅಂದರು ಅಕ್ಕ. "ಇವಳು ನನಗೆ ಹೇಳಿದ್ಲು. ನನ್ನ ಪರದೆ ನೋಡಿ ಸುಮ್ಮನಾದೆ."

ದುಭಾಷಿ ನಮ್ಮಿಬ್ಬರ ಮುಖ ನೋಡಿದಳು. "ಇದನ್ನೂ ಹೇಳಲಾ?"

"ಹೇಳಮ್ಮ. ಒಂದು ಮಾತೂ ಬಿಡಬೇಡ."

ಹೇಳಿದಳು. ಅವನು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಎದ್ದು ಎರಡು ಬಾರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲೂ ಇಲ್ಲ. ಮನೆಗೆ ಹೋಗಿರುವ ಆ ಗೆಳೆಯ ನಿಜವಾಗಿಯೂ ಆರೋಗ್ಯವಾಗಿದ್ದಾನೆಯೇ ಎಂದು ಕೇಳಿದ.

ಅಕ್ಕ ಮಗಳ ಪತ್ರ ತೋರಿಸಿದರು. ದುಭಾಷಿ ಅದನ್ನು ಅವರ ಭಾಷೆಯಲ್ಲಿ ಓದಿ ಹೇಳಿದಳು. ಮೂರು ಸಲ ಪರೀಕ್ಷೆ ಮಾಡಿದರು, ಏನೂ ಆಗಿಲ್ಲ ಎಂಬಲ್ಲಿ ಅವನು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟ. ಈ ಕಾಗದ ಯಾರದು, ಅವನಿಗೆ ಹೇಳಿದ್ದೀರಾ ಎಂಬ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದ. ಓದಿ ಮುಗಿದ ಮೇಲೆ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಜೇಬಿನಿಂದ ಫೋನ್ ತೆಗೆದ.

ಆ ಕಡೆ ಗೆಳೆಯನ ಮುಖ ಪರದೆಯ ತುಂಬ ಬಂತು. ತುಂಬು ಕೆನ್ನೆ, ಮುಂದಿನ ಒಂದು ಹಲ್ಲಿಲ್ಲ. ಇಬ್ಬರೂ ಒಟ್ಟೊಟ್ಟಿಗೆ ಜೋರಾಗಿ ಮಾತಾಡಿದರು, ನಕ್ಕರು. ಇವನು ಫೋನನ್ನು ಎತ್ತರಕ್ಕೆ, ಮುಖ ಮಾತ್ರ ಕಾಣುವಂತೆ ಹಿಡಿದಿದ್ದ. ಇನ್ನೊಂದು ಕೈ ಬೆಂಚಿನ ಕೆಳಗೆ ವರದಿಯನ್ನು ಎರಡು ಮಡಿಕೆ ಮಾಡಿತು, ನಾಲ್ಕು ಮಡಿಕೆ ಮಾಡಿತು. ಗೆಳೆಯ ನಗು ನಿಲ್ಲಿಸಿ ಏನೋ ಕೇಳಿದ.

"ಏನಂತೆ?" ಅಕ್ಕ ಮೆಲ್ಲಗೆ ಕೇಳಿದರು.

"'ಅದು ಯಾರದು ಅಂತ ಗೊತ್ತಾಯ್ತಾ' ಅಂತ ಕೇಳ್ತಿದಾರೆ."

ಇಪ್ಪತ್ತೆಂಟನೆಯವನು ನಗುಮುಖದಲ್ಲೇ ಉತ್ತರ ಕೊಟ್ಟ. ದುಭಾಷಿ ಈ ಸಲ ತಾನಾಗಿ ಹೇಳಲಿಲ್ಲ. ಅಕ್ಕ ಅವಳ ಮೊಣಕೈ ಮುಟ್ಟಿದರು.

"'ಎಷ್ಟೋ ಹುಡುಕಿದ್ರಂತೆ, ಹೆಸರೇ ಕಾಣೋದಿಲ್ವಂತೆ' ಅಂದ್ರು," ಎಂದಳು.